ಬೋಟು ಕೊಳ್ಳುವ ಮೊದಲು, ತಮ್ಮಾ

ತಮ್ಮಾ,

ನಿನ್ನ ಪತ್ರ ಬಂದಾಗ ನಾನು ಧಾರವಾಡದಲ್ಲಿದ್ದೆ. ಈಗಲೂ ಇಲ್ಲೇ ಇದ್ದೇನೆ, ಸಪ್ತಾಪುರದ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಓದಿದ ಕೂಡಲೇ ಎರಡು ಸಾಲಿನಲ್ಲಿ ಉತ್ತರ ಕೊಡಬೇಕೆಂದುಕೊಂಡೆ, ಆಗಲಿಲ್ಲ. ಸಂಜೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಒಂದು ತಾಸು ಕೂತು ಬಂದೆ. ಹತ್ತು ವರ್ಷದ ಹುಡುಗನಿದ್ದಾಗ ಬಿದಿರಿನ ಕೋಲಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಗಾಳ ಹಾಕುತ್ತಿದ್ದದ್ದು ಇದೇ ಕೆರೆಯಲ್ಲಿ. ನೀನು ವರದಾ ನದಿಯ ದಂಡೆಯಲ್ಲಿ ಬೆಳೆದವನು. ದಾರ ಬಿಗಿಯಾದಾಗ ಕೈಯೊಳಗೆ ಏನಾಗುತ್ತದೆ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ನೀನು ಕೇಳಿದ್ದು ಇಷ್ಟು. ಅಮೆರಿಕದ ಟೆಕ್ಸಾಸಿನ ಡಲ್ಲಾಸಿಗೆ ಬಂದು ಏಳು ತಿಂಗಳಾಯಿತು. ಆಫೀಸಿನ ಗೆಳೆಯನೊಬ್ಬ ಬಾಸ್ ಎಂಬ ಕೆರೆಮೀನು ಹಿಡಿಯುವ ಸ್ಪರ್ಧೆಯ ಕ್ಲಬ್ಬಿಗೆ ಸೇರಿಸಿದ, ಮೂರನೇ ಟೂರ್ನಮೆಂಟಿನಲ್ಲೇ ನಾಲ್ಕನೇ ಸ್ಥಾನ ಬಂತು, ಈಗ ಸ್ವಂತ ಬೋಟು ಕೊಳ್ಳುವ ಮನಸ್ಸಾಗಿದೆ. ಹೆಂಡತಿ ಗದಗಿನಿಂದ ಬಂದು ನಾಲ್ಕು ತಿಂಗಳು. ಶುಕ್ರವಾರ ರಾತ್ರಿ ನೀನು ರೀಲಿಗೆ ದಾರ ಸುತ್ತಲು ಕೂತರೆ ಅವಳ ಮಾತು ನಿಂತುಹೋಗುತ್ತದೆ. ಅತ್ತೆಯವರು ಫೋನಿನಲ್ಲಿ "ಮೀನಾ ಹಿಡೀಲಿಕ್ಕೆ ಅಲ್ಲೀತನಾ ಹೋಗಬೇಕಿತ್ತೇನು" ಅಂದರಂತೆ. "ಅಣ್ಣಾ, ಇಲ್ಲಿ ಎರಡನ್ನೂ ಇಟ್ಟುಕೊಂಡು ಬಾಳಿದವರು ಇದ್ದಾರೇನು, ಇಲ್ಲಾ ಒಂದನ್ನ ಬಿಡಬೇಕೋ?" ಎಂದು ಕೇಳಿದ್ದೀ.

ಇದ್ದಾರೆ. ನಾನೇ ಇದ್ದೇನೆ, ಮದುವೆಯಾದಾಗಿನಿಂದ. ಆದರೆ ಬೋಟನ್ನು ಈಗ ಕೊಳ್ಳಬೇಡ. ಯಾಕೆ ಎನ್ನುವುದನ್ನು ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ.

ನಿನ್ನ ಶನಿವಾರ ಹೇಗಿರುತ್ತದೆಂದು ನನಗೆ ಗೊತ್ತು. ಮುಂಜಾನೆ ಮೂರಕ್ಕೆ ಎದ್ದು, ಒಂದೂವರೆ ತಾಸು ಗಾಡಿ ಹೊಡೆದು, ಬೆಳಕು ಹರಿಯುವ ಹೊತ್ತಿಗೆ ಲೇಕ್ ಫೋರ್ಕ್‌ನ ನೀರಿನ ಮೇಲೆ ಇರುತ್ತೀ. ಮುಳುಗಿದ ಗಿಡಗಳ ಬೊಡ್ಡೆಗಳು, ಮಂಜು, ಮೊದಲ ಎಸೆತ. ಮಧ್ಯಾಹ್ನ ಮೂರಕ್ಕೆ ಹಿಡಿದ ಮೀನಿನ ತೂಕ. ಅಷ್ಟರೊಳಗೆ ಐದು ಒಳ್ಳೆಯ ಮೀನು ಬೋಟಿನ ನೀರಿನ ತೊಟ್ಟಿಯಲ್ಲಿ, ಅಂದರೆ ಲೈವ್‌ವೆಲ್‌ನಲ್ಲಿ ಇರಬೇಕು. ಆ ಹನ್ನೆರಡು ತಾಸು ನಿನಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಈಗ ಅವಳ ಶನಿವಾರ ನೋಡು. ನೀನು ಬಾಗಿಲು ಹಾಕಿಕೊಂಡು ಹೋದ ಸಪ್ಪಳಕ್ಕೆ ಎಚ್ಚರಾಗುತ್ತದೆ. ಏಳಕ್ಕೆ ಎದ್ದು ತವರಿಗೆ ಫೋನ್ ಮಾಡುತ್ತಾಳೆ, ಅಲ್ಲಿ ಸಂಜೆ. ಅವ್ವ, ಅಕ್ಕ, ಗೆಳತಿ, ಎಲ್ಲರ ಜೊತೆ ಮಾತು ಮುಗಿಯುವಷ್ಟರಲ್ಲಿ ಡಲ್ಲಾಸಿನಲ್ಲಿ ಮಧ್ಯಾಹ್ನ ಹನ್ನೆರಡಾಗುತ್ತದೆ. ಆಗ ಗದಗಿನಲ್ಲಿ ಬೇಸಿಗೆಯಾದರೆ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಊರು ಮಲಗುತ್ತದೆ. ಅಲ್ಲಿಂದ ನೀನು ಬರುವತನಕ ಅವಳಿಗೆ ಕನ್ನಡದಲ್ಲಿ ಒಂದು ಮಾತಾಡಲು ಈ ಭೂಮಿಯ ಮೇಲೆ ಎಚ್ಚರಿದ್ದವರು ಯಾರೂ ಇಲ್ಲ. ಗಾಡಿ ಹೊಡೆಯಲು ಬರುವುದಿಲ್ಲ. ನಡೆದುಹೋಗಿ ಒಂದು ಕಟ್ಟು ಕೊತ್ತಂಬರಿ ತರಲು ಅಂಗಡಿ ಇಲ್ಲ. ಬೆಟಗೇರಿಯ ಓಣಿಯಲ್ಲಿ ಬಾಗಿಲು ತೆಗೆದರೆ ನಾಲ್ಕು ಮಂದಿ "ಏನ್ ಮಾಡೀಯವಾ ಇವತ್ತ" ಎಂದು ಕೇಳುತ್ತಿದ್ದ ಹುಡುಗಿ ಅವಳು. ಅವಳ ಸಿಟ್ಟು ಮೀನಿನ ಮೇಲೆ ಇದೆ ಎಂದು ನೀನು ತಿಳಿದಿದ್ದೀ. ನಾನೂ ಹಾಗೇ ತಿಳಿದಿದ್ದೆ.

ನಾನು 2008ರಲ್ಲಿ ಅಮೆರಿಕಕ್ಕೆ ಬಂದೆ. ಮದುವೆ 2010ರ ಡಿಸೆಂಬರಿನಲ್ಲಿ. ನಿಮ್ಮ ವೈನಿ ಹುಬ್ಬಳ್ಳಿ ಕೇಶ್ವಾಪುರದಾಕಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿದಾಕಿ. ಬಂದಮೇಲೆ, ನೌಕರಿ ವೀಸಾದವರ ಹೆಂಡತಿಗೆ ಕೊಡುವ ಎಚ್-4 ವೀಸಾ ಎಂದು ಕೆಲಸ ಮಾಡುವ ಹಾಗಿರಲಿಲ್ಲ. ನಾನು ಆಗಲೇ ಎರಡು ವರ್ಷದಿಂದ ಕ್ಲಬ್ಬಿನಲ್ಲಿದ್ದೆ. 2011ರ ಅಕ್ಟೋಬರಿನಲ್ಲಿ 14 ಸಾವಿರ ಡಾಲರಿಗೆ ಹಳೆಯ ಬೋಟೊಂದನ್ನು ಸಾಲ ಮಾಡಿ ಕೊಂಡೆ. ಅವಳಿಗೆ ಹೇಳಲಿಲ್ಲ. ಗೆಳೆಯನ ಬೋಟು, ಇಡಲು ಜಾಗವಿಲ್ಲ ಎಂದು ನಮ್ಮಲ್ಲಿಟ್ಟಿದ್ದಾನೆ ಎಂದೆ. ಬ್ಯಾಂಕಿನ ಕಾಗದ ಬಂದಾಗ ಅವಳೇ ಒಡೆದು ಓದಿದಳು. ಜಗಳ ಮಾಡಲಿಲ್ಲ. "ನಮ್ಮಪ್ಪ ಸೈಕಲ್ ತರೂವಾಗೂ ಅವ್ವನ್ನ ಕೇಳಿದ್ರು" ಎಂದಷ್ಟೇ ಅಂದಳು. ಆ ಮಾತನ್ನೂ ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

2012ರ ಏಪ್ರಿಲ್‌ನಲ್ಲಿ ಒಂದು ಶನಿವಾರ ಟೂರ್ನಮೆಂಟ್ ಇತ್ತು. ಬಾಸ್ ಮೀನು ತತ್ತಿ ಇಡಲು ದಂಡೆಗೆ ಬರುವ ಕಾಲ ಅದು. ನೀರು ಫ್ಯಾರನ್‌ಹೀಟ್ 60 ದಾಟಿತೆಂದರೆ ಭಾರದ ಹೆಣ್ಣು ಮೀನುಗಳು ತೆಳುನೀರಿಗೆ ಏರುತ್ತವೆ, ವರ್ಷದ ದೊಡ್ಡ ಮೀನು ಸಿಗುವುದು ಆಗಲೇ. ಟೆಕ್ಸಾಸಿನಲ್ಲಿ ಸುಂಟರಗಾಳಿಯ ಕಾಲವೂ ಅದೇ. ಅವತ್ತು ಮೂರಕ್ಕೆ ತೂಕವಾಯಿತು, ನನಗೆ ಮೂರನೇ ಸ್ಥಾನ ಬಂತು. ಮೂರೂವರೆಗೆ ಹೊರಡಬಹುದಿತ್ತು. ಹೊರಡಲಿಲ್ಲ. ಯಾವ ಹುಳು, ಯಾವ ಬಣ್ಣ, ಎಷ್ಟು ಆಳ ಎಂದು ಗೆಳೆಯರ ಜೊತೆ ಐದರವರೆಗೆ ಮಾತಾಡುತ್ತ ನಿಂತೆ.

ನಾಲ್ಕರ ಸುಮಾರಿಗೆ ನಮ್ಮ ಮನೆಯ ಕಡೆ ಸೈರನ್ ಹೊಡೆಯಿತು. ಸುಂಟರಗಾಳಿಯ ಎಚ್ಚರಿಕೆ. ಆ ಸೈರನ್ ಎಂದರೇನು, ಆದಾಗ ಏನು ಮಾಡಬೇಕು ಎಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳು ಬಾಲ್ಕನಿಯ ಬಾಗಿಲು ತೆಗೆದು ಹೊರಗೆ ಬಂದು ನಿಂತಿದ್ದಾಳೆ. ಆಕಾಶ ಹಸಿರಾಗಿತ್ತಂತೆ. ಕೆಳಗಿನ ಮನೆಯ ಮುದುಕಿಯೊಬ್ಬಳು ಇವಳನ್ನು ನೋಡಿ ಕೂಗಿ, ಮೆಟ್ಟಿಲು ಹತ್ತಿ ಬಂದು ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಬಚ್ಚಲಮನೆಯಲ್ಲಿ ಕೂಡಿಸಿಕೊಂಡಳು. ಅವಳು, ಇವಳು, ಒಂದು ನಾಯಿ. ಮೇಲೆ ಆಣೆಕಲ್ಲು ಬೀಳುವ ಸಪ್ಪಳ. ಮುಕ್ಕಾಲು ತಾಸು. ಫೋನು ಮೇಲೆ ಅಡಿಗೆಮನೆಯಲ್ಲೇ ಉಳಿದಿತ್ತು.

ನಾನು ಏಳಕ್ಕೆ ಬಂದೆ, ಕೈಯಲ್ಲಿ ಕಟ್ಟಿಗೆಯ ಫಲಕ. ಅವಳು ಊಟಕ್ಕೆ ಬಡಿಸಿದಳು. ಏನೂ ಹೇಳಲಿಲ್ಲ. ಮುದುಕಿಯ ವಿಷಯ ಮರುದಿನ ಆ ಮುದುಕಿಯಿಂದಲೇ ತಿಳಿಯಿತು. ಹೆಂಡತಿ ಬಾಯಿ ಬಿಟ್ಟದ್ದು ಹತ್ತು ದಿನದ ಮೇಲೆ.

ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ ಭೋಂಗಾ, ಅಂದರೆ ಪಾಳಿಯ ಸೈರನ್, ನಿನಗೂ ಗೊತ್ತಿರಬೇಕು. ನಮ್ಮ ಮಾವನವರು ಅಲ್ಲಿ ಫಿಟ್ಟರ್ ಆಗಿದ್ದವರು. ಮನೆಯ ಗಡಿಯಾರಕ್ಕಿಂತ ಭೋಂಗಾವನ್ನೇ ನಂಬಿ ನಡೆದ ಮನೆ ಅದು. "ಅವತ್ತ ಅದು ಕೂಗಿದಾಗ ಭೋಂಗಾ ಆತು ಅನಸ್ತು. ಅಪ್ಪ ಬರೂ ಹೊತ್ತಾತು ಅಂತ ಹೊರಗ ಬಂದ ನಿಂತೆ. ಒಂದು ಗಳಿಗಿ ಖರೇನ ಅಪ್ಪ ಬರ್ತಾರ ಅಂತ ದಾರಿ ನೋಡಿದೆ" ಎಂದಳು.

ತಮ್ಮಾ, ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ನಾನು ಬೋಟನ್ನು ಮಾರಲಿಲ್ಲ. ಮಾರು ಎಂದು ಅವಳೂ ಅನ್ನಲಿಲ್ಲ. ಅದಕ್ಕೆ ಹೊದಿಕೆ ಹಾಕಿ ಎಂಟು ತಿಂಗಳು ನಿಲ್ಲಿಸಿದೆ. ಆ ಎಂಟು ತಿಂಗಳ ಶನಿವಾರ ಮುಂಜಾನೆಗಳಲ್ಲಿ ಶಾಲೆಯೊಂದರ ಖಾಲಿ ಪಾರ್ಕಿಂಗಿನಲ್ಲಿ ಅವಳಿಗೆ ಗಾಡಿ ಕಲಿಸಿದೆ. ಎರಡು ಸಲ ಪರೀಕ್ಷೆ ಹೋಯಿತು, ಮೂರನೇ ಸಲ ಪಾಸಾಯಿತು. ಒಂದು ಎಚ್ಚರಿಕೆ. "ಇವಳು ಗಾಡಿ ಕಲಿತರೆ ನಾನು ನಿಶ್ಚಿಂತೆಯಿಂದ ಮೀನಿಗೆ ಹೋಗಬಹುದು" ಎಂಬ ಲೆಕ್ಕ ಮನಸ್ಸಿನಲ್ಲಿಟ್ಟು ಕಲಿಸಬೇಡ. ಅದು ಹೆಂಡತಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಆ ಊರಲ್ಲಿ ಗಾಡಿ ಎಂದರೆ ಕಾಲು. ಕಾಲಿಲ್ಲದೆ ಅವಳನ್ನು ಕರೆತಂದವರು ನಾವು.

ಆಮೇಲೆ ಅವಳು ತಾನೇ ಕನ್ನಡ ಸಂಘಕ್ಕೆ ಹೋದಳು. ಅಲ್ಲಿ ರಾಣೆಬೆನ್ನೂರಿನವಳೊಬ್ಬಳು, ಲಕ್ಷ್ಮೇಶ್ವರದವಳೊಬ್ಬಳು ಸಿಕ್ಕರು. 2013ರಲ್ಲಿ ಮಗಳು ಹುಟ್ಟಿದಳು. 2015ರ ಮೇ ತಿಂಗಳಿನಿಂದ ಎಚ್-4ನಲ್ಲಿದ್ದವರಲ್ಲಿ ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾದವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದಾಯಿತು. ಮರುವರ್ಷ ಅವಳು ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಳು. ಈಗ ಶನಿವಾರ ಅವಳೇ ಮನೆಯಲ್ಲಿ ಇರುವುದಿಲ್ಲ ಎನ್ನಬಹುದು.

ಈಗ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ನಿನಗೆ ಹೊಂದಿದಷ್ಟು ತಗೋ.

ಜನವರಿಯಲ್ಲಿ ಕ್ಲಬ್ಬು ವರ್ಷದ ತಾರೀಖು ಕೊಟ್ಟ ಕೂಡಲೇ ನಾವಿಬ್ಬರೂ ಕ್ಯಾಲೆಂಡರ್ ಹಿಡಿದು ಕೂರುತ್ತೇವೆ. ಮೊದಲು ಬರೆಯುವವಳು ಅವಳು. ಯುಗಾದಿ, ಬಸವ ಜಯಂತಿ, ಮಗಳ ಹುಟ್ಟಿದ ದಿನ, ಊರಿಗೆ ಬರುವ ತಿಂಗಳು, ಸಂಘದ ರಾಜ್ಯೋತ್ಸವ, ಅವಳ ಆಫೀಸಿನ ಗಡಿಬಿಡಿಯ ವಾರಗಳು. ಉಳಿದದ್ದರಲ್ಲಿ ನಾನು ಎಂಟು ಶನಿವಾರ ಆರಿಸಿಕೊಳ್ಳುತ್ತೇನೆ. ಎಂಟು ಎಂದರೆ ಎಂಟು. ಹಿಂದಿನ ದಿನ ನೀರು ನೋಡಿ ಬರಲು ಪ್ರಾಕ್ಟೀಸಿಗೆ ಹೋಗುತ್ತೇವಲ್ಲ, ಅದೂ ಮೀನಿನ ದಿನವೇ. ಅದನ್ನು ಲೆಕ್ಕದಿಂದ ಹೊರಗಿಟ್ಟು ನಾನು ಬಹಳ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್ ಅಂಥ ದೂರದ ಜಲಾಶಯಕ್ಕೆ ಹೋದರೆ ರಾತ್ರಿ ಉಳಿಯಬೇಕಾಗುತ್ತದೆ. ಅಂಥದ್ದು ವರ್ಷಕ್ಕೆ ಒಂದೇ.

ಇದರಿಂದ ನಷ್ಟವಿಲ್ಲ ಎಂದು ಹೇಳಿದರೆ ನಿನಗೆ ಮೋಸ ಮಾಡಿದಂತೆ. ಯುಗಾದಿ ಬರುವುದು ಮೀನು ದಂಡೆಗೆ ಏರುವ ಕಾಲದಲ್ಲೇ. ಹಲವು ವರ್ಷ ಒಳ್ಳೆಯ ಮಾರ್ಚ್ ಶನಿವಾರಗಳು ಕೈತಪ್ಪಿವೆ. ಟೂರ್ನಮೆಂಟ್ ತಪ್ಪಿದರೆ ಅಂಕ ಹೋಗುತ್ತದೆ, ಹೀಗಾಗಿ ಕ್ಲಬ್ಬಿನ ವರ್ಷದ ಪ್ರಶಸ್ತಿ ನನಗೆ ಒಮ್ಮೆಯೂ ಬಂದಿಲ್ಲ. ಎರಡು ಸಲ ಬಹಳ ಹತ್ತಿರ ಹೋಗಿದ್ದೆ. ಅದು ನನಗೆ ಬೇಕಿತ್ತು, ಈಗಲೂ ಬೇಕು. ನನ್ನ ಹೆಂಡತಿಗೂ ಅದು ಗೊತ್ತಿದೆ. ಹೋದ ವರ್ಷ ತಾನಾಗಿಯೇ ಒಂದು ಶನಿವಾರ ಹೆಚ್ಚಿಗೆ ಕೊಟ್ಟಳು. ನಾನು ಕೇಳಿರಲಿಲ್ಲ.

ಹೊತ್ತಿನ ಮಾತು. ತೂಕಕ್ಕೆ ತಡವಾಗಿ ಬಂದರೆ ನಿಮಿಷಕ್ಕೆ ಒಂದು ಪೌಂಡು ಕಡಿತ ಎಂಬ ನಿಯಮ ನಿಮ್ಮ ಕ್ಲಬ್ಬಿನಲ್ಲೂ ಇರಬೇಕು. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಒಂದು ನಿಮಿಷವೂ ತಡ ಮಾಡಿದವನಲ್ಲ. ಮೀನು ಕಚ್ಚುತ್ತಿದ್ದರೂ ದಾರ ಎತ್ತಿ ಬೋಟು ತಿರುಗಿಸಿದ್ದೇನೆ. ಮನೆಗೆ ಮಾತ್ರ ಐದಕ್ಕೆ ಬರುತ್ತೇನೆಂದು ಏಳಕ್ಕೆ ಬರುತ್ತಿದ್ದೆ. ಈಗ ತೂಕವಾದ ಕೂಡಲೇ ಫೋನ್ ಮಾಡಿ, ಹೇಳಿದ ಹೊತ್ತಿಗೆ ಬರುತ್ತೇನೆ. ದಂಡೆಯ ಮೇಲಿನ ಹರಟೆ ತಪ್ಪುತ್ತದೆ, ತಪ್ಪಲಿ.

ರೊಕ್ಕದ ವಿಷಯ. ಬೋಟಿನ ಬೆಲೆ ಬರೀ ಮೊದಲ ಕಂತು ಎಂದು ತಿಳಿ. ಎಳೆಯಲು ಟ್ರಕ್ಕು, ನೋಂದಣಿ, ವಿಮೆ, ನಿಲ್ಲಿಸಲು ಬಾಡಿಗೆ ಜಾಗ, ಪೆಟ್ರೋಲು, ಮೋಟರಿನ ರಿಪೇರಿ. ಎರಡು ವರ್ಷ ಕೋ-ಆಂಗ್ಲರ್ ಆಗಿ ಆಡು. ಇನ್ನೊಬ್ಬನ ಬೋಟಿನ ಹಿಂಬದಿಯಲ್ಲಿ ನಿಂತು ಮೀನು ಹಿಡಿಯುವುದು, ಪ್ರವೇಶ ಶುಲ್ಕವೂ ಬಹಳ ಕಡೆ ಕಡಿಮೆ. ಮುಂದೆ ನಿಂತವನು ಮುಟ್ಟಿ ಹೋದ ನೀರಿನಿಂದಲೇ ಮೀನು ತೆಗೆಯಬೇಕಾದ್ದರಿಂದ ಕೈ ಬಹಳ ಪಳಗುತ್ತದೆ. ನಮ್ಮ ಮನೆಯಲ್ಲಿ ಮೀನಿಗೆ ಬೇರೆ ಖಾತೆ ಇದೆ, ತಿಂಗಳಿಗೆ ಇಂತಿಷ್ಟು ಎಂದು ಇಬ್ಬರೂ ಕೂತು ಗೊತ್ತುಮಾಡಿದ್ದು. ಅಷ್ಟೇ ಮೊತ್ತ ಅವಳ ಹೆಸರಿಗೂ ಬೀಳುತ್ತದೆ. ಅದನ್ನು ಏನು ಮಾಡಿದಳೆಂದು ನಾನು ಕೇಳುವುದಿಲ್ಲ.

ಕಾಗದಪತ್ರದ ಒಂದೆರಡು ಮಾತು. ಟೆಕ್ಸಾಸಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಸತತವಾಗಿ ವಾಸವಾಗಿದ್ದವರಿಗೆ ನಿವಾಸಿಗಳ ಮೀನುಗಾರಿಕೆ ಲೈಸೆನ್ಸ್ ಸಿಗುತ್ತದೆ, ನಿನಗೆ ಈಗ ಸಿಗಬೇಕು. 1993ರ ಸೆಪ್ಟೆಂಬರ್ 1ರಂದು ಅಥವಾ ನಂತರ ಹುಟ್ಟಿದವರು 15 ಅಶ್ವಶಕ್ತಿಗಿಂತ ಹೆಚ್ಚಿನ ಬೋಟು ನಡೆಸಬೇಕಾದರೆ ಬೋಟಿಂಗ್ ಶಿಕ್ಷಣದ ಸರ್ಟಿಫಿಕೇಟ್ ಮಾಡಿಸಿರಬೇಕು. ರೊಕ್ಕದ ಬಹುಮಾನವಿರುವ ಸ್ಪರ್ಧೆಗೆ ಹೆಸರು ಕೊಡುವ ಮೊದಲು ನಿನ್ನ ಕಂಪನಿಯ ವೀಸಾ ವಕೀಲರನ್ನು ಕೇಳು. ಎಚ್-1ಬಿ ಎಂದರೆ ಆ ಕಂಪನಿಯ ಕೆಲಸಕ್ಕೆ ಕೊಟ್ಟ ಅನುಮತಿ, ಉಳಿದದ್ದನ್ನು ಊಹೆಯ ಮೇಲೆ ಮಾಡಬಾರದು. ಲೈಫ್ ಜಾಕೆಟ್ಟು, ನಡೆಸುವವನು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಮೈಮೇಲೆ ಇಲ್ಲದೆ ಎಂಜಿನ್ ಚಾಲೂ ಮಾಡುವ ಗೆಳೆಯನ ಬೋಟು ಹತ್ತಬೇಡ.

ಇನ್ನು ನಿಮ್ಮ ಅತ್ತೆಯವರ ಮಾತು. ನಮ್ಮದೂ ಲಿಂಗಾಯತರ ಮನೆ. ಮನೆಯೊಳಗೆ ತತ್ತಿಯೂ ಬರದ ಸಂಸ್ಕಾರದಲ್ಲಿ ಬೆಳೆದ ಹುಡುಗಿಗೆ ಗಂಡನ ಅಂಗಿಯ ಮೇಲೆ ಮೀನಿನ ವಾಸನೆ ಬರುವುದು ಸಣ್ಣ ಸಂಗತಿಯಲ್ಲ. ಕೇಶ್ವಾಪುರದ ಮಾವನವರ ಮನೆಯಲ್ಲಿ ನಾನು ಹೀಗೆ ವಿವರಿಸಿದೆ. ಅಲಬಾಮಾದ ರೇ ಸ್ಕಾಟ್ ಎಂಬ ವಿಮೆ ಏಜೆಂಟ್ 1967ರಲ್ಲಿ ಬೀವರ್ ಲೇಕಿನಲ್ಲಿ ಈ ಸ್ಪರ್ಧೆಗಳಿಗೆ ಬುನಾದಿ ಹಾಕಿದ. 1972ರಿಂದ ತನ್ನ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಕೊಲ್ಲದೆ ಬಿಡುವ ಪದ್ಧತಿ ತಂದ. ಹಾಗಾಗಿ ಈಗ ಬೋಟಿನಲ್ಲೇ ಗಾಳಿ ಆಡುವ ನೀರಿನ ತೊಟ್ಟಿ, ತೂಕವಾದ ಮೇಲೆ ಮೀನು ವಾಪಸ್ ಕೆರೆಗೆ. ಸತ್ತ ಮೀನು ತಂದರೆ ತೂಕದಲ್ಲಿ ಕಡಿತ. ಲೇಕ್ ಫೋರ್ಕ್‌ನಲ್ಲಂತೂ 16ರಿಂದ 24 ಇಂಚಿನ ನಡುವಿನ ಬಾಸನ್ನು ಆಗಿಂದಾಗಲೇ ಬಿಡಬೇಕೆಂದು ಸರ್ಕಾರದ ನಿಯಮವೇ ಇದೆ. ಮಾವನವರು ಎಲ್ಲ ಕೇಳಿ "ಜಗತ್ತಿನಾಗ ಭಾಳ ದೊಡ್ಡದಂದ್ರ ಎಷ್ಟ ಸಿಕ್ಕೈತಿ?" ಎಂದರು. 1932ರಲ್ಲಿ ಜಾರ್ಜಿಯಾದಲ್ಲಿ 22 ಪೌಂಡು 4 ಔನ್ಸು, ಅಂದರೆ ಹತ್ತು ಕಿಲೋ ಎಂದೆ. "ನಮ್ಮ ತುಂಗಭದ್ರಾ ಕಾಟ್ಲಾ ಇದಕ್ಕಿಂತಾ ದೊಡ್ಡದಿರತೈತಲ್ಲೋ" ಎಂದರು. ಅಲ್ಲಿಗೆ ಅವರ ತಕರಾರು ಮುಗಿಯಿತು.

ಹೆಂಡತಿಯ ಪ್ರಶ್ನೆ ಮುಗಿದಿಲ್ಲ. "ಬಿಡೂದಾದ್ರ ಹಿಡೀಯೂದ್ಯಾಕ? ಅದರ ಬಾಯಿಗೆ ನೋವಾಗೂದಿಲ್ಲೇನು?" ಎಂದು ಕೇಳಿದಳು. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ, ಇದೆ ಎಂದು ನಟಿಸುವುದೂ ಇಲ್ಲ. ಆದರೆ ಆ ಪ್ರಶ್ನೆಯಿಂದ ನನ್ನ ನಡತೆ ಬದಲಾಯಿತು. ಜುಲೈ, ಆಗಸ್ಟಿನ ಟೂರ್ನಮೆಂಟು ಬಿಟ್ಟೆ. ನೀರು ಕಾದಾಗ ಅದರಲ್ಲಿ ಆಮ್ಲಜನಕ ಕಡಿಮೆ, ತೂಕ ಮಾಡಿ ಬಿಟ್ಟ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯುವುದು ಹೆಚ್ಚು. ಬೇರೆ ತಿಂಗಳಲ್ಲೂ ಲೈವ್‌ವೆಲ್‌ಗೆ ಮಂಜುಗಡ್ಡೆ ಹಾಕಿ ನೀರು ತಂಪಿಡುತ್ತೇನೆ, ಮೀನನ್ನು ಹಿಡಿದು ಫೋಟೋಕ್ಕೆಂದು ಬಹಳ ಹೊತ್ತು ನಿಲ್ಲುವುದಿಲ್ಲ. ಬಟ್ಟೆ ನಾನೇ ಹೊರಗೆ ತೊಳೆದು ಒಳಗೆ ತರುತ್ತೇನೆ.

ಅವಳನ್ನೂ ಬೋಟಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದ್ದೀ. ಕೆಲವರ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಆಡುತ್ತಾರೆ, ನೋಡಲು ಚೆಂದ. ನಿಮ್ಮ ವೈನಿ ಒಮ್ಮೆ ಬಂದಳು, ಬಿಸಿಲಿಗೆ ತಲೆನೋವು ಹಿಡಿದು ಮರಳಿದಳು. ಮತ್ತೆ ಒತ್ತಾಯ ಮಾಡಲಿಲ್ಲ. ಟೂರ್ನಮೆಂಟ್ ಇಲ್ಲದ ಒಂದು ಸಂಜೆ, ಗಾಳವಿಲ್ಲದೆ, ಬರೀ ನೀರಿನ ಮೇಲೆ ಸುತ್ತಿಸಿ ತಾ. ಬುತ್ತಿ ಕಟ್ಟಿಕೊಂಡು ಹೋಗಿರಿ. ಅವಳಿಗೆ ಸೇರಿದರೆ ಅವಳೇ ಕೇಳುತ್ತಾಳೆ.

ಈ ಶನಿವಾರ ನೀನು ಹೋಗಬೇಡ. ಟೂರ್ನಮೆಂಟ್ ಇದ್ದರೂ ಹೋಗಬೇಡ. ಸೈರನ್ ಆದರೆ ಎಲ್ಲಿ ಕೂರಬೇಕು ಎಂದು ಮನೆಯೊಳಗೆ ಕೈ ಹಿಡಿದು ತೋರಿಸು, ಕೆಳಮನೆಯವರ ಪರಿಚಯ ಮಾಡಿಸು. ನಾಲ್ಕು ತಿಂಗಳಿಂದ ಅವಳ ಮಧ್ಯಾಹ್ನ ಹೇಗೆ ಕಳೆಯುತ್ತಿದೆ ಎಂದು ಕೇಳು. ಬೋಟಿನ ಮಾತು ಅವತ್ತು ತೆಗೆಯಬೇಡ.

ನಾವು 18ಕ್ಕೆ ಮರಳಿ ಬರುತ್ತೇವೆ. ವೈನಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟುತ್ತಿದ್ದಾಳೆ, ಲೈನ್ ಬಜಾರಿನ ಪೇಡಾ ಬೇರೆ. ಮುಂದಿನ ಭಾನುವಾರ ಇಬ್ಬರೂ ಊಟಕ್ಕೆ ಬರ್ರಿ. ನಿನ್ನ ಹೆಂಡತಿಯ ಫೋನ್ ನಂಬರನ್ನು ವೈನಿಗೆ ಕಳಿಸು, ಅವಳು ನೇರವಾಗಿ ಮಾತಾಡುತ್ತೇನೆ ಅಂದಿದ್ದಾಳೆ. ಶನಿವಾರ ಮಧ್ಯಾಹ್ನ ಮಾಡುತ್ತಾಳಂತೆ, ಹನ್ನೆರಡರ ಮೇಲೆ.

ಮಾರ್ಚಿನಲ್ಲಿ ನನ್ನ ಬೋಟಿನ ಹಿಂದಿನ ಜಾಗ ಖಾಲಿ ಇದೆ. ಎರಡನೇ ಶನಿವಾರ. ಮನೆಯಲ್ಲಿ ಕೇಳಿ, ಅವಳು ಹ್ಞೂಂ ಅಂದಮೇಲೆ ನನಗೆ ತಿಳಿಸು.

ನಿನ್ನ ಅಣ್ಣ